ಅಲ್ಪಸಂಖ್ಯಾತರ ಮನೆಯೊಳಗೊಂದು ಅಲ್ಪಸಂಖ್ಯಾತ ಮಗು

ಗಡಿನಾಡಿನ ಕನ್ನಡಿಗರಿಗೆ ‘ಅಲ್ಪಸಂಖ್ಯಾತ’ ಎಂಬ ಪದದ ಅರ್ಥವನ್ನು ನಿಘಂಟು ತೆಗೆದು ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಿಂದ ಈಚೆಗೆ ಅದು ನಮ್ಮ ದಿನನಿತ್ಯದ ಅನುಭವವಾಗಿದೆ. ಕಚೇರಿಯಲ್ಲಿ ಕೊಡುವ ಅರ್ಜಿ ನಮ್ಮ ಹಿರಿಯರಿಗೆ ಓದಲು ಬಾರದ ಲಿಪಿಯಲ್ಲಿರುತ್ತದೆ. ಪಡಿತರ ಚೀಟಿಯಲ್ಲಿ ಮನೆಯವರ ಹೆಸರು ಅವರಿಗೇ ಗುರುತು ಸಿಗದಂತೆ ಬದಲಾಗಿ ಬರುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕವಾಗುತ್ತದೆ. ಹೆತ್ತವರು ಶಾಲೆಯ ಗೇಟಿನ ಮುಂದೆ ಧರಣಿ ಕೂರಬೇಕಾಗುತ್ತದೆ. 2021ರಲ್ಲಿ ನಮ್ಮ ಊರುಗಳ ಹೆಸರುಗಳನ್ನು ಮಲಯಾಳೀಕರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಗಡಿಯ ಆಚೆ ಈಚೆ ಎಷ್ಟು ಕಳವಳವಾಯಿತೆಂಬುದು ವಾಚಕರಿಗೆ ನೆನಪಿರಬಹುದು. ನಮ್ಮನ್ನು ನಮ್ಮ ಹೆಸರಿನಿಂದ ಕರೆಯಿರಿ, ನಾವಿರುವಂತೆ ನಮ್ಮನ್ನು ದಾಖಲೆಯಲ್ಲಿ ಬರೆಯಿರಿ, ನಮ್ಮ ಮಕ್ಕಳನ್ನು ಹೀಗಳೆಯದೆ ಕಲಿಸಿರಿ: ಇಷ್ಟು ದಶಕಗಳಲ್ಲಿ ನಾವು ಕೇಳುತ್ತ ಬಂದುದು ಇಷ್ಟನ್ನೇ.

ಇದೇ ಮೂರು ಬೇಡಿಕೆಗಳನ್ನು ನಮ್ಮ ಮನೆಯ ಒಳಗಿನಿಂದಲೇ ಒಂದು ಮಗು ನಮ್ಮ ಮುಂದಿಟ್ಟರೆ ನಾವು ಕೊಡುವ ಉತ್ತರವೇನು? ಈ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಹುಟ್ಟಿದಾಗ ಗಂಡೆಂದು ಬರೆಸಿದ ಮಗು ಬೆಳೆಯುತ್ತ ಬಂದಂತೆ ತಾನು ಹೆಣ್ಣೆಂದು ಅರಿಯುವುದುಂಟು. ಹೆಣ್ಣೆಂದು ಬರೆಸಿದ ಮಗು ತಾನು ಗಂಡೆಂದು ಅರಿಯುವುದೂ ಉಂಟು. ಎರಡರಲ್ಲಿ ಯಾವುದೂ ತನಗೆ ಒಪ್ಪದೆಂದು ಕಾಣುವವರೂ ಇದ್ದಾರೆ. ಇಂತಹವರನ್ನು ಕನ್ನಡದಲ್ಲಿ ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದು ಕರೆಯುವ ರೂಢಿ ಬಂದಿದೆ. ಹಿಂದಿನ ಹೀಯಾಳಿಕೆಯ ಪದಗಳನ್ನು ಇಲ್ಲಿ ಅಚ್ಚು ಹಾಕುವ ಅಗತ್ಯವಿಲ್ಲ. ಶಾಲೆಯ ಅಂಗಳದಲ್ಲಿಯೂ ಬಸ್ಸಿನಲ್ಲಿಯೂ ಅವು ಬೇಕಾದಷ್ಟು ಕೇಳಿಬರುತ್ತವೆ. ಹೊಸ ಪದವನ್ನು ಯಾರೇ ಟಂಕಿಸಿರಲಿ, ಭಾಷಾ ಅಲ್ಪಸಂಖ್ಯಾತರಾದ ನಮಗೆ ಅದು ನೆಂಟರ ಹೆಸರಿನಂತೆ ಕೇಳಿಸಬೇಕಾಗಿದೆ.

ಇದು ಎಲ್ಲೋ ದೂರದ ಪಟ್ಟಣದ ಮಾತೆಂದು ಪತ್ರಿಕೆಯ ಪುಟ ಮಗುಚುವವರಿಗೆ ಒಂದು ಅಂಕೆಯನ್ನು ಹೇಳುತ್ತೇವೆ. 2011ರ ಜನಗಣತಿಯಲ್ಲಿ ಮೊತ್ತಮೊದಲ ಬಾರಿಗೆ ಗಂಡು, ಹೆಣ್ಣು ಎಂಬುದರ ಜತೆಗೆ ‘ಇತರ’ ಎಂಬ ಕಲಮು ಬಂತು. ದೇಶದಲ್ಲಿ 4,87,803 ಮಂದಿ ಆ ಕಲಮಿನಲ್ಲಿ ದಾಖಲಾದರು. ಅವರಲ್ಲಿ ಸುಮಾರು 55 ಸಾವಿರ ಮಂದಿ ಆರು ವರ್ಷದೊಳಗಿನ ಮಕ್ಕಳು. ಆ ವಯಸ್ಸಿನ ಮಗು ಗಣತಿದಾರನಿಗೆ ತಾನೇ ಉತ್ತರ ಹೇಳುವುದಿಲ್ಲ. ಹೇಳಿದವರು ಮನೆಯ ಹಿರಿಯರು. ಅಂದರೆ ತಮ್ಮ ಮಗುವಿನ ವಿಷಯವನ್ನು ಮುಚ್ಚಿಡದೆ ಹೇಳುವಷ್ಟು ಧೈರ್ಯವುಳ್ಳ ಮನೆಗಳು ಅಂದೇ ನಮ್ಮ ದೇಶದಲ್ಲಿದ್ದವು. ಅದೇ ಗಣತಿಯಲ್ಲಿ ಈ ವರ್ಗದ ಸಾಕ್ಷರತೆ ದೇಶದ ಸರಾಸರಿಯಾದ ಶೇಕಡಾ 74ಕ್ಕಿಂತ ಬಹಳ ಕೆಳಗಿತ್ತು.

ಸಾಕ್ಷರತೆ ಏಕೆ ಅಷ್ಟು ಕೆಳಗಿಳಿಯುತ್ತದೆಂಬುದು ಹೈಸ್ಕೂಲಿನಲ್ಲಿ ಪಾಠ ಹೇಳುವ ನಮಗೆ ಒಗಟಾಗಿ ಉಳಿದಿಲ್ಲ. ಬುದ್ಧಿ ಕಡಿಮೆಯಾದುದರಿಂದ ಅಲ್ಲ. ಏಳನೆಯ ತರಗತಿಯವರೆಗೆ ಚುರುಕಾಗಿದ್ದ ಹುಡುಗ ಎಂಟನೆಯದಕ್ಕೆ ಬಂದಾಗ ಮಾತು ಕಡಿಮೆ ಮಾಡುತ್ತಾನೆ. ಅವನ ನಡಿಗೆಯನ್ನು ಅಣಕಿಸುವವರು ಹಿಂದಿನ ಬೆಂಚಿನಲ್ಲಿರುತ್ತಾರೆ. ಬಾಯಿಪಾಠ ಒಪ್ಪಿಸಲು ಎದ್ದು ನಿಂತರೆ ಧ್ವನಿಗೆ ನಗು ಬೀಳುತ್ತದೆ. ಹುಡುಗರ ಮೂತ್ರದೊಡ್ಡಿಗೆ ಹೋಗಲು ಹೆದರಿ ಬೆಳಗ್ಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುವ ಮಕ್ಕಳಿದ್ದಾರೆ. ಆಟದ ಪೀರಿಯಡ್ ಬಂದರೆ ಹೊಟ್ಟೆನೋವು, ವಾರ್ಷಿಕೋತ್ಸವ ಬಂದರೆ ಜ್ವರ. ಮೊದಲು ಸೋಮವಾರ ಗೈರುಹಾಜರಿ, ಆಮೇಲೆ ವಾರವಿಡೀ. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಶಾಲೆಗೆ ಅದು ಒಂದು ಅಂಕೆ ಮಾತ್ರ. ಆ ಮಗುವಿಗೆ ಮುಂದಿನ ಎಲ್ಲಾ ಬಾಗಿಲುಗಳೂ ಅಂದೇ ಮುಚ್ಚಿದಂತೆ.

ಇಲ್ಲಿ ನಮಗೂ ಆ ಮಗುವಿಗೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭಾಷೆಯ ಕಾರಣದಿಂದ ಅವಮಾನಗೊಂಡ ಮಗು ಸಂಜೆ ಮನೆಗೆ ಬಂದು ಅಮ್ಮನ ಮುಂದೆ ತನ್ನದೇ ಭಾಷೆಯಲ್ಲಿ ಅಳಬಹುದು. ಅಮ್ಮ ಕನ್ನಡತಿ, ಅಪ್ಪ ಕನ್ನಡಿಗ, ಅಜ್ಜಿಯ ಕತೆ ಕನ್ನಡದ್ದು. ಹೊರಗೆ ನಾವು ಎಷ್ಟೇ ಅಲ್ಪಸಂಖ್ಯಾತರಾದರೂ ಹೊಸ್ತಿಲು ದಾಟಿ ಒಳಗೆ ಬಂದರೆ ಬಹುಸಂಖ್ಯಾತರೇ. ಲಿಂಗತ್ವ ಅಲ್ಪಸಂಖ್ಯಾತ ಮಗುವಿಗೆ ಈ ಸೌಭಾಗ್ಯವಿಲ್ಲ. ಅಪ್ಪ ಅಮ್ಮ ಅದರಂತೆ ಅಲ್ಲ, ಅಣ್ಣ ತಂಗಿಯರೂ ಅಲ್ಲ. ಅದು ತನ್ನ ಮನೆಯ ಚಾವಡಿಯಲ್ಲಿಯೂ ಒಬ್ಬಂಟಿ. ಆದುದರಿಂದ ನಮ್ಮ ಭಾಷೆಯ ಮಗುವಿಗೆ ಬೇಕಾಗುವುದಕ್ಕಿಂತ ಹೆಚ್ಚಿನ ಆಸರೆ ಈ ಮಗುವಿಗೆ ಮನೆಯಿಂದಲೇ ಬೇಕು. ದುರ್ದೈವದಿಂದ ಹಲವೆಡೆ ಮೊದಲ ಪೆಟ್ಟು ಬೀಳುವುದೂ ಮನೆಯಿಂದಲೇ.

ಇದೆಲ್ಲ ಮೊಬೈಲ್ ಬಂದ ಮೇಲೆ ಶುರುವಾದ ಹೊಸ ಹುಚ್ಚೆಂದು ಹೇಳುವವರಿದ್ದಾರೆ. ಅಂತಹವರು ತಾವು ನಿದ್ದೆಗೆಟ್ಟು ನೋಡಿದ ಬಯಲಾಟಗಳನ್ನು ಒಮ್ಮೆ ನೆನಪಿಸಿಕೊಳ್ಳಲಿ. ಯಕ್ಷಗಾನಕ್ಕೆ ಪಾರ್ತಿಸುಬ್ಬನನ್ನು ಕೊಟ್ಟ ಕುಂಬಳೆ ಸೀಮೆಯವರು ನಾವು. ವಿರಾಟಪರ್ವದ ಪ್ರಸಂಗ ನಮಗೆ ಕಂಠಪಾಠ. ಮತ್ಸ್ಯದೇಶದ ಅರಸನು ಬೃಹನ್ನಳೆಯನ್ನು ಅರಮನೆಯ ಒಳಗೆ ಕರೆದು, ತನ್ನ ಮಗಳು ಉತ್ತರೆಗೆ ನಾಟ್ಯದ ಗುರುವಾಗಿ ನೇಮಿಸಿದನು. ರಾಜಕುಮಾರಿಯ ಗುರುಪೀಠದಲ್ಲಿ ಕುಳಿತವರನ್ನು ನಾವು ತರಗತಿಯ ಬೆಂಚಿನಲ್ಲಿ ಕೂರಗೊಡುವುದಿಲ್ಲವೆಂದರೆ ಆ ಪ್ರಸಂಗವನ್ನು ಬೆಳಗಿನವರೆಗೆ ನೋಡಿ ಸಿಕ್ಕಿದ ಫಲವೇನು? ಸ್ತ್ರೀವೇಷಧಾರಿಯ ಒನಪಿಗೆ ಚಪ್ಪಾಳೆ ತಟ್ಟಿದ ಕೈಗಳೇ ಮರುದಿನ ಅಂತಹ ನಡಿಗೆಯ ಹುಡುಗನತ್ತ ಬೆರಳು ತೋರಿಸುತ್ತವೆ.

ತಪ್ಪು ತಿಳಿಯಬಾರದು. ಸ್ತ್ರೀವೇಷ ಒಂದು ಕಲೆ. ಬಣ್ಣ ತೊಳೆದರೆ ಕಲಾವಿದ ತನ್ನ ಮನೆಗೆ ಹೋಗುತ್ತಾನೆ. ಹಾಗೆಯೇ ಮೆದು ಮಾತಿನ ಹುಡುಗರೆಲ್ಲರೂ, ಮರ ಹತ್ತುವ ಹುಡುಗಿಯರೆಲ್ಲರೂ ಲಿಂಗತ್ವ ಅಲ್ಪಸಂಖ್ಯಾತರಲ್ಲ. ಮಗುವಿನ ಮೇಲೆ ಹಿರಿಯರು ಅವಸರದಿಂದ ಯಾವ ಹಣೆಪಟ್ಟಿಯನ್ನೂ ಅಂಟಿಸಬೇಕಾಗಿಲ್ಲ. ಮಗು ತಾನಾಗಿ ಹೇಳುವವರೆಗೆ ಕಾಯಬೇಕು. ಹೇಳಿದಾಗ ಬಾಯಿ ಮುಚ್ಚಿಸದೆ ಕೇಳಬೇಕು. ನಾವು ಬೇಡುವುದು ಇಷ್ಟನ್ನೇ.

ಹಾಗಾದರೆ ಇದು ಕಾಯಿಲೆಯಲ್ಲವೇ, ಮದ್ದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗಗಳ ವರ್ಗೀಕರಣ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. 2021ರ ಜೂನ್‌ನಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಅವರು ಇಂತಹವರನ್ನು ‘ಸರಿಪಡಿಸುವ’ ಹೆಸರಿನ ಚಿಕಿತ್ಸೆಗಳನ್ನು ನಿಷೇಧಿಸಬೇಕೆಂದು ಆದೇಶಿಸಿದರು. ಮರುವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು ಅಂತಹ ಚಿಕಿತ್ಸೆ ವೃತ್ತಿಯ ದುರ್ನಡತೆಯೆಂದು ರಾಜ್ಯಗಳ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ಆದುದರಿಂದ ಮಗುವನ್ನು ಮಂತ್ರವಾದಿಯ ಬಳಿಗೆ ಎಳೆದೊಯ್ದು ಬೆತ್ತದೇಟು ಕೊಡಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ಬೇಗನೆ ಮದುವೆ ಮಾಡಿದರೆ ಸರಿಹೋದೀತೆಂದು ಇನ್ನೊಂದು ಮನೆಯ ಮಗುವಿನ ಬದುಕನ್ನೂ ಕೆಡಿಸುವುದು ಇವೆಲ್ಲ ಮದ್ದಲ್ಲ, ಹಿಂಸೆ. ಮಗು ಮಂಕಾಗಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡವೆಂಬ ಮಾತಾಡಿದರೆ ತಡಮಾಡದೆ ಒಳ್ಳೆಯ ವೈದ್ಯರನ್ನು ಕಾಣಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಯಲ್ಲಿ ಕನ್ನಡದಲ್ಲಿ ಮಾತಾಡುವ ಸೌಕರ್ಯವೂ ಇದೆ. ಮಕ್ಕಳ ಸಹಾಯವಾಣಿ 1098. ಮದ್ದು ಬೇಕಾದುದು ಮಗುವಿನ ಮನಸ್ಸಿಗಾದ ಗಾಯಕ್ಕೆ, ಮಗು ಮಗುವಾಗಿರುವುದಕ್ಕಲ್ಲ.

ಕಾನೂನು ಏನು ಹೇಳಿದೆಯೆಂಬುದನ್ನೂ ನಮ್ಮವರು ತಿಳಿದಿರಬೇಕು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ. ಎಸ್. ರಾಧಾಕೃಷ್ಣನ್ ಹಾಗೂ ಎ. ಕೆ. ಸಿಕ್ರಿ ಅವರು ಕೊಟ್ಟ ತೀರ್ಪು, ಸಮಾನತೆ, ಅಭಿವ್ಯಕ್ತಿ ಮತ್ತು ಜೀವಿಸುವ ಹಕ್ಕುಗಳು ಇವರಿಗೂ ಸೇರಿದವು ಎಂದು ಸಾರಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಶಾಲೆಗಳಲ್ಲಿ ತಾರತಮ್ಯ ಮಾಡಕೂಡದೆಂದು ವಿಧಿಸಿತು. ನ್ಯಾಯಾಲಯದ ಆದೇಶವಿಲ್ಲದೆ, ಇದೊಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಕೂಡದೆಂದೂ ಬರೆಯಿತು. ಮನೆಯಿಂದ ಹೊರಗಟ್ಟುವುದು ಶಿಕ್ಷಾರ್ಹ ಅಪರಾಧವೆಂದು ಸೇರಿಸಿತು. ಮಗುವನ್ನು ಉಳಿಸಿಕೊಳ್ಳುವುದು ದಾಕ್ಷಿಣ್ಯದ ಪ್ರಶ್ನೆಯಲ್ಲ ಎಂಬುದಕ್ಕೆ ಇಷ್ಟು ಸಾಕು. ನಾವು 350-ಎ ವಿಧಿಯನ್ನು ಎತ್ತಿ ಹಿಡಿದು, ನಮ್ಮ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಕೊಡಿ ಎಂದು ಕೇಳುತ್ತೇವಷ್ಟೇ? ಅದೇ ಸಂವಿಧಾನದ ಬೇರೆ ವಿಧಿಗಳನ್ನು ಹಿಡಿದು ಆ ಮಗು ನಮ್ಮ ಮುಂದೆ ನಿಂತಿದೆ. ಒಂದು ವಿಧಿ ಪವಿತ್ರ, ಇನ್ನೊಂದು ವಿಧಿ ಕಾಗದ ಎನ್ನಲು ಬರುವುದಿಲ್ಲ.

ನಾವಿರುವ ಕೇರಳ ರಾಜ್ಯವು ಈ ವಿಷಯದಲ್ಲಿ ಮುಂದಡಿಯಿಟ್ಟಿದೆಯೆಂಬುದನ್ನು ಒಪ್ಪಲೇಬೇಕು. 2015ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗಾಗಿ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ಇದು. 2018ರಲ್ಲಿ ವಿಶ್ವವಿದ್ಯಾನಿಲಯಗಳ ಹಾಗೂ ಅವುಗಳಿಗೆ ಸೇರಿದ ಕಲಾ ಮತ್ತು ವಿಜ್ಞಾನ ಕಾಲೇಜುಗಳ ಪ್ರತಿ ಕೋರ್ಸಿನಲ್ಲಿ ಇವರಿಗೆ ಎರಡು ಹೆಚ್ಚಿನ ಸೀಟುಗಳ ಆದೇಶವಾಯಿತು. ಅರ್ಧದಲ್ಲಿ ಶಾಲೆ ಬಿಟ್ಟವರಿಗೆ ಸಾಕ್ಷರತಾ ಮಿಷನ್ನಿನ ‘ಸಮನ್ವಯ’ ಯೋಜನೆ ಬಂತು. 2023ರಲ್ಲಿ ಪದ್ಮಲಕ್ಷ್ಮಿ ಎಂಬವರು ಎರ್ನಾಕುಳಂನ ಕಾನೂನು ಕಾಲೇಜಿನಲ್ಲಿ ಓದಿ ಈ ರಾಜ್ಯದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವಕೀಲರಾಗಿ ಕರಿಕೋಟು ಧರಿಸಿದರು. ಆದರೆ ಸರಕಾರದ ಆದೇಶವೊಂದೇ ಸಾಲದೆಂಬುದಕ್ಕೂ ಕೇರಳವೇ ಸಾಕ್ಷಿ. 2017ರಲ್ಲಿ ಕೊಚ್ಚಿ ಮೆಟ್ರೋ ಇವರಲ್ಲಿ 23 ಮಂದಿಗೆ ಕೆಲಸ ಕೊಟ್ಟಾಗ ದೇಶವೇ ಕೊಂಡಾಡಿತು. ಕೆಲವೇ ದಿನಗಳಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ, ಬಾಡಿಗೆಗೆ ಮನೆ ಕೊಡಲು ಊರವರು ಒಪ್ಪಲಿಲ್ಲ. ಸರಕಾರ ಕೆಲಸ ಕೊಡಬಹುದು, ನೆರೆಹೊರೆಯನ್ನು ಕೊಡಲಾರದು. ಅದು ಜನರೇ ಕೊಡಬೇಕಾದುದು.

ಇನ್ನು ಗಡಿನಾಡಿಗೆ ಮಾತ್ರ ಸೇರಿದ ಒಂದು ತೊಡಕು. ಮೇಲೆ ಹೇಳಿದ ಯೋಜನೆಗಳ ತಿಳುವಳಿಕೆ ಪತ್ರಗಳು, ಅರ್ಜಿಗಳು, ಆಪ್ತಸಲಹೆ ಎಲ್ಲವೂ ಬಹುಮಟ್ಟಿಗೆ ಮಲಯಾಳದಲ್ಲಿವೆ. ಪೆರ್ಲದ ಅಥವಾ ಬಾಯಾರಿನ ತಾಯಿಯೊಬ್ಬಳು ತನ್ನ ಮಗುವಿನ ವಿಷಯದಲ್ಲಿ ಕಂಗಾಲಾದರೆ, ತನ್ನ ಎದೆಯ ನೋವನ್ನು ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ಅಪರಿಚಿತರ ಮುಂದೆ ಹೇಳಬೇಕಾಗುತ್ತದೆ. ಇಲ್ಲವಾದರೆ ನೆರೆಮನೆಯವರನ್ನು ದುಭಾಷಿಯಾಗಿ ಕರೆದೊಯ್ಯಬೇಕು. ಅಂತಹ ಗುಟ್ಟನ್ನು ನೆರೆಮನೆಯವರ ಬಾಯಿಯಿಂದ ಹೇಳಿಸುವ ತಾಯಿ ಯಾರು? ಅವಳು ಹೋಗುವುದೇ ಇಲ್ಲ. ಹೀಗೆ ಎರಡು ಅಲ್ಪಸಂಖ್ಯೆಗಳು ಒಂದೇ ಮಗುವಿನ ತಲೆಯ ಮೇಲೆ ಕೂಡಿಬೀಳುತ್ತವೆ.

ಆದುದರಿಂದ ನಮ್ಮ ಕನ್ನಡ ಸಂಘಟನೆಗಳು ಅಧಿಕಾರಿಗಳಿಗೆ ಸಲ್ಲಿಸುವ ಮನವಿ ಪತ್ರಗಳಲ್ಲಿ ಇದೂ ಒಂದು ಬೇಡಿಕೆಯಾಗಬೇಕೆಂದು ಒತ್ತಾಯಿಸುತ್ತೇವೆ. ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಕಚೇರಿ ಈ ಯೋಜನೆಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಲಿ. ಕನ್ನಡ ಬಲ್ಲ ಒಬ್ಬ ಆಪ್ತಸಲಹೆಗಾರರಾದರೂ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಶಾಲೆಗಳಿಗೆ ದೊರೆಯಲಿ. ಮಾಯಿಪ್ಪಾಡಿಯ ಡಯಟ್‌ನಲ್ಲಿ ನಡೆಯುವ ಕನ್ನಡ ಅಧ್ಯಾಪಕರ ತರಬೇತಿಯಲ್ಲಿ ಒಂದು ಹೊತ್ತು ಈ ವಿಷಯಕ್ಕೆ ಮೀಸಲಾಗಲಿ. ಕನ್ನಡದ ಹೋರಾಟಕ್ಕೇ ಜನ ಸಾಲದಿರುವಾಗ ಇದೊಂದು ಹೊರೆ ಏಕೆಂದು ಕೆಲವರು ಕೇಳಬಹುದು. ಕನ್ನಡ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಿದೆಯೆಂದು ವರ್ಷ ವರ್ಷ ಮರುಗುವ ನಾವು, ಇರುವ ಮಗುವೊಂದು ಅವಮಾನದಿಂದ ಬಿಟ್ಟುಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಮರುಕಕ್ಕೆ ಬೆಲೆಯೆಲ್ಲಿ?

ಶಾಲೆಯಲ್ಲಿ ಆಗಬೇಕಾದ ಕೆಲಸಕ್ಕೆ ದುಡ್ಡು ಬೇಕಾಗಿಲ್ಲ. ಮಗುವನ್ನು ಅಣಕಿಸಿದಾಗ ಮಾಸ್ತರರು ನಗದಿದ್ದರೆ ಅರ್ಧ ಅಣಕ ಅಲ್ಲಿಯೇ ಸಾಯುತ್ತದೆ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಶೌಚಾಲಯವನ್ನು ಯಾವ ಮಗುವಿಗಾದರೂ ಉಪಯೋಗಿಸಲು ಬಿಡಬಹುದು. ಮಗು ಗುಟ್ಟಾಗಿ ಹೇಳಿದುದನ್ನು ಸ್ಟಾಫ್ ರೂಮಿನಲ್ಲಿ ಹರಟೆಗೆ ತರಬಾರದು. ಮಗುವನ್ನು ಕೇಳದೆ ಮನೆಗೆ ಫೋನು ಮಾಡಿಯೂ ಹೇಳಬಾರದು. ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರದ ಸರಕಾರಿ ಕಿರಿಯ ಪ್ರಾಥಮಿಕ ಶಾಲೆ, 2021ರಲ್ಲಿ ಕೋಝಿಕ್ಕೋಡಿನ ಬಾಲುಶ್ಶೇರಿ ಹೈಯರ್ ಸೆಕೆಂಡರಿ ಶಾಲೆ ಹುಡುಗ ಹುಡುಗಿಯರಿಗೆ ಒಂದೇ ಬಗೆಯ ಸಮವಸ್ತ್ರವನ್ನು ತಂದವು. ಅದರ ಬಗ್ಗೆ ವಾದವಿವಾದ ಬೇಕಾದಷ್ಟಾಯಿತು. ಆದರೆ ಯಾರೂ ಬಟ್ಟೆಯಿಂದಾಗಿ ಪಾಠ ಕಳೆದುಕೊಳ್ಳಬಾರದೆಂಬ ಯೋಚನೆ ಒಳ್ಳೆಯದೇ. ಮೇಲಿನವರು ದಾರಿ ತೋರಿಸಲಿ ಎಂದು ಕಾದು ಕುಳಿತರೆ ಆಗದು. 2021ರಲ್ಲಿಯೇ ಎನ್‌ಸಿಇಆರ್‌ಟಿ ಈ ಮಕ್ಕಳ ಕುರಿತು ಅಧ್ಯಾಪಕರಿಗಾಗಿ ಒಂದು ಕೈಪಿಡಿಯನ್ನು ಪ್ರಕಟಿಸಿ, ಆಕ್ಷೇಪಗಳು ಬಂದೊಡನೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಕೈಪಿಡಿ ಇಲ್ಲದೆಯೂ ಕರುಣೆ ತೋರಬಹುದು.

ಭಾಷೆಯ ಅಧ್ಯಾಪಕರು ಇನ್ನೊಂದು ಸೂಕ್ಷ್ಮವನ್ನೂ ಬಲ್ಲರು. ಮಲಯಾಳದಲ್ಲಿ ಅವನಾದರೂ ‘ವನ್ನು’, ಅವಳಾದರೂ ‘ವನ್ನು’. ಕ್ರಿಯಾಪದ ಗಂಡು ಹೆಣ್ಣೆಂದು ಕೇಳುವುದಿಲ್ಲ. ಕನ್ನಡದಲ್ಲಿ ಬಂದನು, ಬಂದಳು ಎಂದು ಬೇರೆಯಾಗುತ್ತದೆ. ಪ್ರತಿ ವಾಕ್ಯವೂ ಆ ಮಗುವಿಗೆ ಚುಚ್ಚಬಹುದು. ಆದರೆ ನಮ್ಮ ಭಾಷೆಯಲ್ಲಿಯೇ ಅದಕ್ಕೆ ಪರಿಹಾರವಿದೆ. ‘ಅವರು ಬಂದರು’ ಎಂಬ ಬಹುವಚನದಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಗೌರವ ಮಾತ್ರ ಇದೆ. ಹೇಗೆ ಕರೆಯಬೇಕೆಂಬ ಸಂಶಯ ಬಂದರೆ ಮಗುವನ್ನೇ ಕೇಳಬಹುದು; ಅಲ್ಲಿಯವರೆಗೆ ಹೆಸರು ಹಿಡಿದು ಕರೆದರೆ ಸಾಕು.

ಕೊನೆಗೆ ಹೆತ್ತವರಿಗೆ ಎರಡು ಮಾತು. ಅವರ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಾಳೆ ತಂಗಿಯ ಮದುವೆಗೆ ಅಡ್ಡಿಯಾದೀತು, ದೇವಸ್ಥಾನದ ಜಾತ್ರೆಯಲ್ಲಿ ಜನ ಪಿಸುಗುಟ್ಟಿಯಾರು, ಕುಟುಂಬದ ಹಿರಿಯರು ಮುಖ ತಿರುಗಿಸಿಯಾರು: ಇವೆಲ್ಲ ನಿಜವಾದ ಭಯಗಳೇ. ಆದರೆ ಮನೆ ಬಿಟ್ಟ ಮಗು ಹೋಗುವುದೆಲ್ಲಿಗೆ? ರೈಲು ಹತ್ತಿ ಮಂಗಳೂರಿಗೆ, ಅಲ್ಲಿಂದ ಬೆಂಗಳೂರಿಗೋ ಮುಂಬಯಿಗೋ. ಸರ್ಟಿಫಿಕೇಟಿಲ್ಲದ ಹದಿನಾರರ ಮಗುವಿಗೆ ಅಲ್ಲಿ ಸಿಗುವ ಕೆಲಸಗಳು ಯಾವುವೆಂಬುದು ಎಲ್ಲರಿಗೂ ತಿಳಿದಿದೆ. ಸಿಗ್ನಲಿನಲ್ಲಿ ಕೈಚಾಚುವವರನ್ನು ಕಂಡು ಮೂಗು ಮುರಿಯುವ ನಾವು, ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ ಮನೆಗಳ ಬಗ್ಗೆ ಯೋಚಿಸುವುದಿಲ್ಲ.

ಗಡಿಯಾಚೆಯ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬದುಕನ್ನು ಹೆತ್ತವರು ಓದಬೇಕು. ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ಮನೆಯವರಿಂದ ದೂರವಾಗಿ, ಭಿಕ್ಷೆ ಬೇಡಿ, ಪಡಬಾರದ ಕಷ್ಟಪಟ್ಟರು. ಅವರಿಗೆ ಅನ್ನವನ್ನೂ ಮಾನವನ್ನೂ ಕೊಟ್ಟದ್ದು ಜೋಗತಿ ನೃತ್ಯ. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದುದನ್ನು ದೇಶವೇ ನೋಡಿತು. ಅವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಕನ್ನಡದಲ್ಲಿಯೇ ಇದೆ. ಆದರೆ ಪದ್ಮಶ್ರೀ ಬಂದರೆ ಮಾತ್ರ ಮಗು ಮನೆಗೆ ಬೇಕಾದೀತೆಂಬ ಪಾಠವನ್ನು ಅದರಿಂದ ಯಾರೂ ಕಲಿಯದಿರಲಿ. ಮಂಜಮ್ಮನವರಂತೆ ಈಜಿ ದಡ ಸೇರಿದವರು ಒಬ್ಬರು. ನಡುನೀರಿನಲ್ಲಿ ಉಳಿದವರ ಹೆಸರು ಪತ್ರಿಕೆಗೆ ಬರುವುದಿಲ್ಲ.

ಆದುದರಿಂದ ಹೆತ್ತವರು ಒಂದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಮಗುವಿನ ಮಾತು ಇಂದು ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅರ್ಥವಾಗಲು ವರ್ಷಗಳೇ ಬೇಕಾಗಬಹುದು. ಅಲ್ಲಿಯವರೆಗೆ ಮಗು ಮನೆಯಲ್ಲಿಯೇ ಉಣ್ಣಲಿ, ಶಾಲೆಗೆ ಹೋಗುತ್ತಿರಲಿ, ಹತ್ತನೆಯ ತರಗತಿ ಮುಗಿಸಲಿ, ಮುಂದೆ ಕಲಿಯಲಿ. ದಾಖಲೆ, ಹೆಸರು, ಚಿಕಿತ್ಸೆ ಮುಂತಾದ ವಿಷಯಗಳಲ್ಲಿ ಕಂಡವರ ಮಾತು ಕೇಳಿ ಅವಸರ ಮಾಡಬೇಕಾಗಿಲ್ಲ. ಆಯಾ ಕಾಲಕ್ಕೆ ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ತಿಳಿಯಬಹುದು. ಮಕ್ಕಳಿಗೆ ಅಲ್ಲಿ ಉಚಿತ ನೆರವಿದೆ. ನೆರೆಹೊರೆಯವರು ಕೇಳಿದರೆ, ‘ನಮ್ಮ ಮಗು, ನಮ್ಮ ಮನೆಯಲ್ಲಿದೆ’ ಎಂದು ಅಪ್ಪನಾದವನು ಒಮ್ಮೆ ಗಟ್ಟಿಯಾಗಿ ಹೇಳಿದರೆ ಊರ ಬಾಯಿ ತಾನಾಗಿ ತಣ್ಣಗಾಗುತ್ತದೆ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ಬಯಸುವವರು ನಾವೆಲ್ಲರೂ. ಕನ್ನಡ ಉಳಿಯುವುದೆಂದರೆ ಕನ್ನಡ ಮಾತಾಡುವ ಮಕ್ಕಳೆಲ್ಲರೂ ಉಳಿಯುವುದು. ನಮಗೆ ಒಪ್ಪಿಗೆಯಾದ ಮಕ್ಕಳು ಮಾತ್ರವಲ್ಲ. ಬರುವ ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವಾಗ, ಪ್ರತಿಯೊಂದು ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆಯಲ್ಲಿಯೇ ಈ ಮಾತು ಚರ್ಚೆಗೆ ಬರಲಿ ಎಂಬುದು ಹೆತ್ತವರಲ್ಲಿಯೂ ಸಹೋದ್ಯೋಗಿ ಅಧ್ಯಾಪಕರಲ್ಲಿಯೂ ನಮ್ಮ ವಿನಂತಿ.